ಬ್ಯಾಕ್ಲೋಫೆನ್ ಮುಗಿದುಹೋದ ಮಳೆಗಾಲ

ಹೊಸನಗರದ ಕಡೆ ಜುಲೈ ಮಳೆ ಅಂದ್ರೆ ಗೊತ್ತಲ್ವಾ? ರಸ್ತೆಗೆ ಮರ ಬಿದ್ದರೆ ಬಸ್ಸೂ ಇಲ್ಲ, ಕರೆಂಟೂ ಇಲ್ಲ. ಅಂಥದೇ ಒಂದು ವಾರದಲ್ಲಿ ಚಿಕ್ಕಪ್ಪನ ಬ್ಯಾಕ್ಲೋಫೆನ್ ಮಾತ್ರೆ ಮುಗಿಯಿತು.

ಚಿಕ್ಕಪ್ಪ ಕೊಳೆ ರೋಗಕ್ಕೆ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿ ಬಿದ್ದವರು. ಬೆನ್ನುಹುರಿಗೆ ಪೆಟ್ಟಾಗಿದೆ. ವಾಕರ್ ಹಿಡಿದು ನಿಲ್ಲುತ್ತಾರೆ, ಆದರೆ ಕಾಲು ಹೇಳದೆ ಕೇಳದೆ ಸೆಟೆದುಕೊಳ್ಳುತ್ತದೆ. ಅದಕ್ಕೆ ದಿನಕ್ಕೆ ಮೂರು ಹೊತ್ತು, ಹೊತ್ತಿಗೆ 20 ಮಿಲಿಗ್ರಾಂ. ಮನೆಯಲ್ಲಿ ಅದು ಬರೀ ಕಾಲಿನ ಮಾತ್ರೆ. ಬಿಪಿ ಮಾತ್ರೆಗೆ ಇರುವ ಮರ್ಯಾದೆ ಅದಕ್ಕಿರಲಿಲ್ಲ.

ಪೇಟೆಯ ಮೆಡಿಕಲ್ ಶಾಪಿನಲ್ಲಿ ಸ್ಟಾಕ್ ಇರಲಿಲ್ಲ. "ಇದೂ ಸ್ನಾಯು ಸಡಿಲ ಮಾಡೋದೇ" ಅಂತ ಥಯೋಕಾಲ್ಚಿಕೊಸೈಡ್ ಕೊಟ್ಟು ಕಳಿಸಿದರು. ಒಂದರ ಜಾಗವನ್ನು ಇನ್ನೊಂದು ತುಂಬುವುದಿಲ್ಲ ಅಂತ ಯಾರೂ ಹೇಳಲಿಲ್ಲ. ಪಕ್ಕದ ಮನೆಯವರದು ಬೇರೆ ಉಪದೇಶ: "ಅಷ್ಟೊಂದು ಮಾತ್ರೆ ನುಂಗಿದ್ರೆ ಕಿಡ್ನಿ ಹೋಗುತ್ತೆ. ಎರಡು ದಿನ ಬಿಟ್ರೆ ಒಳ್ಳೇದೇ."

ಮೊದಲು ಮೈಯೆಲ್ಲ ತುರಿಕೆ. ಆಮೇಲೆ ಕಾಲು ಮಡಚಲಿಕ್ಕೇ ಬರದಷ್ಟು ಬಿಗಿ. ಎರಡನೇ ರಾತ್ರಿ ಬೆವರು, ನಡುಕ, ನಿದ್ದೆಯಿಲ್ಲ. ನಡುರಾತ್ರಿ ಅಟ್ಟದ ಕಡೆ ನೋಡುತ್ತಾ, "ಮೇಲೆ ಹತ್ತಿದಾರೆ ಕಣೋ, ಹಗ್ಗ ಬಿಡಬೇಡ" ಅಂತ ನನ್ನ ಕೈ ಹಿಡಿದುಕೊಂಡರು. ಅಟ್ಟದಲ್ಲಿದ್ದದ್ದು ಸಿಪ್ಪೆಗೋಟು ಅಡಿಕೆಯ ಚೀಲ ಮಾತ್ರ. ಚಿಕ್ಕಮ್ಮ ದೇವರಿಗೆ ಕಾಯಿ ತೆಗೆದಿಟ್ಟರು. ಬೆಳಗಾಗುವಷ್ಟರಲ್ಲಿ ಜ್ವರ 103.

ಹತ್ತಿರದ ಆಸ್ಪತ್ರೆಯಲ್ಲಿ ಇಲಿ ಜ್ವರವೋ ಡೆಂಗಿಯೋ ಅಂತ ರಕ್ತ ತೆಗೆದರು. ಮಳೆಗಾಲದಲ್ಲಿ ತೋಟದ ಮನೆಯವರಿಗೆ ಜ್ವರ ಬಂದರೆ ಯಾರೇ ಆದರೂ ಹಾಗೇ ಯೋಚಿಸುತ್ತಾರೆ ಬಿಡಿ. ಶಿವಮೊಗ್ಗಕ್ಕೆ ಕರೆದೊಯ್ದಾಗ ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕಾಲು ಮಡಚಿ ನೋಡಿ ಕೇಳಿದ್ದು ಒಂದೇ: "ಯಾವ ಮಾತ್ರೆ ನಿಲ್ಲಿಸಿದ್ರಿ?"

ಅವರೇ ಆಮೇಲೆ ಬಿಡಿಸಿ ಹೇಳಿದರು. ಬೆನ್ನುಹುರಿಯಲ್ಲಿ ನರಗಳ ಅಬ್ಬರ ತಗ್ಗಿಸುವ ಕೆಲಸವನ್ನು ಈ ಮಾತ್ರೆ ಮಾಡುತ್ತದೆ. ತಿಂಗಳುಗಟ್ಟಲೆ ತಗೊಂಡರೆ ಮೈ ಅದಕ್ಕೆ ಹೊಂದಿಕೊಂಡುಬಿಡುತ್ತದೆ. ದಿಢೀರನೆ ನಿಲ್ಲಿಸಿದರೆ ಇಳಿಜಾರಿನಲ್ಲಿ ಬ್ರೇಕ್ ಹೋದ ಹಾಗೆ. ಇನ್ನೂ ತಡವಾಗಿದ್ದರೆ ಸ್ನಾಯುಗಳೇ ಒಡೆದು ಕಿಡ್ನಿಗೆ ಏಟು ಬೀಳಬಹುದಿತ್ತಂತೆ. ಕಿಡ್ನಿ ಉಳಿಸಲು ಹೊರಟವರು ನಾವು! 1962ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ಇದನ್ನು ಮಾಡಿದ್ದೇ ಫಿಟ್ಸ್‌ಗೆ ಮದ್ದು ಬೇಕು ಅಂತ. ಅದಕ್ಕೆ ಅಷ್ಟಾಗಿ ಉಪಯೋಗವಾಗಲಿಲ್ಲ. ಈಗ ನೋಡಿದರೆ ಹಠಾತ್ತಾಗಿ ನಿಲ್ಲಿಸಿದವರಿಗೆ ಫಿಟ್ಸ್ ಬರಬಹುದು.

"ಹಂಗಾದ್ರೆ ಇವ್ರಿಗೆ ಚಟ ಹತ್ತಿದೆಯಾ?" ಚಿಕ್ಕಮ್ಮನ ದನಿ ನಡುಗುತ್ತಿತ್ತು.

"ಇಲ್ಲಮ್ಮ. ಆಸೆಪಟ್ಟು ನುಂಗಿದ್ದಲ್ವಲ್ಲ."

ಹಳೇ ಡೋಸನ್ನೇ ಮತ್ತೆ ಶುರುಮಾಡಿದರು, ಜೊತೆಗೆ ಸೆಟೆತ, ಫಿಟ್ಸ್ ತಡೆಯುವ ಡಯಾಜೆಪಾಮ್ ಔಷಧಿಯನ್ನು ರಕ್ತನಾಳಕ್ಕೆ ಇಂಜೆಕ್ಷನ್ ಕೊಟ್ಟರು. ಕೆಲವು ದಿನಗಳಲ್ಲಿ ಚಿಕ್ಕಪ್ಪ ಊಟದ ಉಪ್ಪು ಖಾರದ ಬಗ್ಗೆ ತಕರಾರು ತೆಗೆಯುವಷ್ಟು ಸುಧಾರಿಸಿದರು.

ಮಳೆ ಕಳೆದ ಮೇಲೆ ಅವರದೇ ಹಠ, ಹಗಲೆಲ್ಲಾ ತೂಕಡಿಕೆ, ಮಾತ್ರೆ ಕಡಿಮೆ ಮಾಡಿ ಅಂತ. ಡಾಕ್ಟರು ಒಪ್ಪಿದರು. ದಿನದ ಡೋಸಿನಲ್ಲಿ ವಾರಕ್ಕೆ 5 ಮಿಲಿಗ್ರಾಂ ಮಾತ್ರ ಇಳಿಸಬೇಕು, ಜಾಸ್ತಿ ಬಿಗಿಯಾದರೆ ಇಳಿಸುವುದನ್ನು ಅಲ್ಲೇ ನಿಲ್ಲಿಸಬೇಕು. 10ರ ಮಾತ್ರೆಯನ್ನು ಅರ್ಧ ಮಾಡುವುದು ಚಿಕ್ಕಮ್ಮನ ಕೆಲಸವಾಯಿತು. ಪೂರ್ತಿ ಬಿಡುವ ಯೋಚನೆ ಯಾರಿಗೂ ಇಲ್ಲ. ತೂಕಡಿಕೆ ಕಡಿಮೆಯಾದ ಹಂತಕ್ಕೆ ಇಳಿಸುವುದನ್ನು ನಿಲ್ಲಿಸಿದ್ದೇವೆ. ಕಾಲಿನಲ್ಲಿ ಈಗ ಸ್ವಲ್ಪ ಬಿಗಿ ಇದೆ. ಅದು ಇರಲಿ ಅಂತಾರೆ ಚಿಕ್ಕಪ್ಪ. ವಾಕರ್ ಹಿಡಿದು ಎದ್ದು ನಿಲ್ಲಲು ಆ ಬಿಗಿಯೇ ಅವರಿಗೆ ಆಸರೆ.