ಡಿನಾಮಿನೇಟರ್ ಯಾವುದು?

ಬೇಸಿಗೆ ಬಂತೆಂದರೆ ನಮ್ಮ ಪ್ರಾಡಕ್ಟ್ ಟೀಮಿಗೆ ಎಂಬಿಎ ಇಂಟರ್ನ್‌ಗಳು ಬರುತ್ತಾರೆ. ಅವರಲ್ಲಿ ಒಬ್ಬರಿಗೆ ನಾನು ಮೆಂಟರ್. ಹೋದ ಸಲದ ಮಿಡ್ ರಿವ್ಯೂ, ಅಂದರೆ ಇಂಟರ್ನ್‌ಶಿಪ್ ನಡುವಿನ ಪರಿಶೀಲನೆ, ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ.

ಸ್ಲೈಡುಗಳು ಚೆನ್ನಾಗಿದ್ದವು, ಮಾತೂ ಚೆನ್ನಾಗಿತ್ತು. ಚೆಕೌಟ್ ಫನಲ್, ಅಂದರೆ ಖರೀದಿಯ ಯಾವ ಹಂತದಲ್ಲಿ ಎಷ್ಟು ಜನ ಉಳಿಯುತ್ತಾರೆ ಅನ್ನುವ ಲೆಕ್ಕ, ತೋರಿಸಿ, "ಪೇಮೆಂಟ್ ಹಂತದಲ್ಲಿ ತೊಂದರೆ ಇಲ್ಲ, ಹೆಚ್ಚುಕಮ್ಮಿ ಎಲ್ಲರೂ ಮುಗಿಸ್ತಿದ್ದಾರೆ" ಅಂದರು ನನ್ನ ಇಂಟರ್ನ್ ಹುಡುಗಿ. ಎಂಜಿನಿಯರಿಂಗ್ ಲೀಡ್ ಲ್ಯಾಪ್‌ಟಾಪ್‌ನಿಂದ ತಲೆ ಎತ್ತಿ ಕೇಳಿದರು: "ಇದರ ಡಿನಾಮಿನೇಟರ್ ಯಾವುದು?" ಅಂದರೆ, ಒಟ್ಟು ಯಾರನ್ನೆಲ್ಲ ಎಣಿಸಿ ಈ ಲೆಕ್ಕ ಅಂತ.

ಉತ್ತರ ಬರಲಿಲ್ಲ. ಸ್ಲೈಡು ಹಿಂದೆ ಹೋಯಿತು, ಮುಂದೆ ಬಂತು. "ಚೆಕೌಟ್ ಶುರು ಮಾಡಿದವರು" ಅಂದರು, ದನಿ ಸಣ್ಣಗಾಗಿತ್ತು. "ಕ್ವೆರಿ ತೆಗೀರಿ, ನೋಡೋಣ" ಅಂದರು ಲೀಡ್. ಡೇಟಾಬೇಸಿನಿಂದ ಲೆಕ್ಕ ತೆಗೆಯುವ ಆ ಕ್ವೆರಿ ಹಳೆಯ ಡ್ಯಾಶ್‌ಬೋರ್ಡಿನಿಂದ ಕಾಪಿ ಮಾಡಿದ್ದು. ಚೆಕೌಟ್ ಟೇಬಲ್‌ಗೆ ಪೇಮೆಂಟ್ ಟೇಬಲ್ ಲೆಫ್ಟ್ ಜಾಯಿನ್ ಆಗಿತ್ತು, ಅಂದರೆ ಪೇಮೆಂಟ್ ಇಲ್ಲದವರೂ ಪಟ್ಟಿಯಲ್ಲಿ ಉಳಿಯಬೇಕು, ಅದು ಸರಿ. ಆದರೆ ಪೇಮೆಂಟ್ ತಾರೀಖಿನ ಫಿಲ್ಟರ್ ಕೆಳಗೆ ವೇರ್‌ನಲ್ಲಿ, ಅಂದರೆ ಜಾಯಿನ್ ಆದಮೇಲೆ ಸಾಲುಗಳನ್ನು ಸೋಸುವ ಜಾಗದಲ್ಲಿ, ಕೂತಿತ್ತು. ಪೇ ಬಟನ್ನನ್ನೇ ಒತ್ತದೆ ಹೊರಟುಹೋದವರಿಗೆ ಆ ತಾರೀಖು ನಲ್, ಅಂದರೆ ಖಾಲಿ. ಅಂಥವರೆಲ್ಲ ಲೆಕ್ಕದಿಂದಲೇ ಮಾಯ. "ಇದು ಇನ್ನರ್ ಜಾಯಿನ್ ಆಗಿಬಿಟ್ಟಿದೆ ಅಲ್ವಾ?" ಅಂತ ಲೀಡ್ ಆ ಸಾಲಿಗೆ ಬೆರಳಿಟ್ಟರು. ಎರಡೂ ಟೇಬಲ್‌ನಲ್ಲಿ ಇದ್ದವರು ಮಾತ್ರ ಉಳಿಯುವುದು ಇನ್ನರ್ ಜಾಯಿನ್. ಡೈರೆಕ್ಟರ್ ಗಡಿಯಾರ ನೋಡಿದರು. ಫಿಲ್ಟರನ್ನು ಜಾಯಿನ್‌ನ ಷರತ್ತು ಬರೆಯುವ ಆನ್‌ಗೆ ಎತ್ತಿ ಅಲ್ಲೇ ಓಡಿಸಿದಾಗ ನಂಬರ್ ಸರ್ರನೆ ಇಳಿಯಿತು. ದೊಡ್ಡ ಸೋರಿಕೆ ಇದ್ದದ್ದೇ ಪೇಮೆಂಟ್ ಪೇಜಿನಲ್ಲಿ.

ಆ ಹುಡುಗಿ ಜಾಣೆ. ಬಿಸಿನೆಸ್ ಸಮಸ್ಯೆ ಬಿಡಿಸುವ ಕೇಸ್ ಫ್ರೇಮ್‌ವರ್ಕ್‌ಗಳೆಲ್ಲ ಬಾಯಿಗೆ ಬರುತ್ತಿದ್ದವು. ಕಾಲೇಜು ಇಂಟರ್‌ವ್ಯೂ ದಾಟಿಸಲು ತಯಾರು ಮಾಡುತ್ತದೆ, ಕೆಲಸಕ್ಕೆ ಅಲ್ಲ. ಇಂಟರ್ನ್ ಆಗಿ ಹೊರಟಿದ್ದೀರಾ? ಬೇಸಿಗೆಗೆ ಮುಂಚೆ ಎರಡು ವಾರ ಸಿಕ್ಕರೆ ಕ್ವೆರಿ ಬರೆಯುವ ಭಾಷೆ ಎಸ್‌ಕ್ಯೂಎಲ್‌ಗೆ ಕೊಡಿ. ಜಾಯಿನ್, ಗ್ರೂಪ್ ಬೈ (ಗುಂಪು ಮಾಡಿ ಎಣಿಸುವುದು), ನಲ್ ಎಲ್ಲಿ ಹೇಗೆ ಆಟ ಆಡಿಸುತ್ತದೆ, ಇಷ್ಟು ಸಾಕು. ಪ್ರತಿ ಪರ್ಸೆಂಟೇಜಿನ ಕೆಳಗೆ ಯಾರು ಯಾರು ಲೆಕ್ಕಕ್ಕೆ ಬಂದಿದ್ದಾರೆ, ಯಾರು ಬಿಟ್ಟುಹೋಗಿದ್ದಾರೆ ಅಂತ ಒಂದು ಸಾಲು ಬರೆಯುವ ಅಭ್ಯಾಸ ಮಾಡಿಕೊಳ್ಳಿ.

ಬರವಣಿಗೆಗೂ ಕೈ ಪಳಗಲಿ. ಅಮೆಜಾನ್‌ನಲ್ಲಿ ಹಿರಿಯ ಅಧಿಕಾರಿಗಳ ಮೀಟಿಂಗ್‌ಗಳಿಂದ 2004ರಲ್ಲೇ ಪವರ್‌ಪಾಯಿಂಟ್ ಹೊರಗೆ ಹೋಯಿತು. ಆರು ಪುಟದ ಮೆಮೊವನ್ನು ಎಲ್ಲರೂ ಮೊದಲು ಸುಮ್ಮನೆ ಕೂತು ಓದುತ್ತಾರೆ, ಆಮೇಲೆ ಮಾತು. ಪೂರ್ತಿ ವಾಕ್ಯದಲ್ಲಿ ಬರೆಯುವಾಗ ಗೊತ್ತಿಲ್ಲದ್ದು ಗೊತ್ತಿಲ್ಲ ಅಂತ ನಿಮಗೇ ಕಾಣುತ್ತದೆ. ಬುಲೆಟ್ ಪಾಯಿಂಟಿನಲ್ಲಿ ಅದು ಅಡಗಿ ಕೂರುತ್ತದೆ.

ಮ್ಯಾನೇಜ್‌ಮೆಂಟ್ ಮೇಲೂ ನನಗೆ ಸಿಟ್ಟಿದೆ. ಇಡೀ ಇಂಟರ್ನ್‌ಶಿಪ್ಪೇ ಹತ್ತು ವಾರ. ಡೇಟಾ ಆ್ಯಕ್ಸೆಸ್ ಟಿಕೆಟ್ (ಅನುಮತಿ ಕೋರಿಕೆ) ಅಪ್ರೂವ್ ಆಗುವಷ್ಟರಲ್ಲಿ ಮೂರನೇ ವಾರ ಬಂದಿತ್ತು. ಪ್ರಾಜೆಕ್ಟ್ ಬ್ರೀಫ್ ಅಂತ ಕೊಟ್ಟದ್ದು ಒಂದೇ ಸಾಲು: ಚೆಕೌಟ್ ಸುಧಾರಿಸಿ. ಯಾವ ಮೆಟ್ರಿಕ್, ಯಾವ ಯೂಸರ್, ಯಾರು ಓನರ್, ಒಂದೂ ಇಲ್ಲ. ಹೊಸಬರನ್ನು ಹೀಗೆ ಕೈಬಿಟ್ಟು ಮಿಡ್ ರಿವ್ಯೂನಲ್ಲಿ ಜಡ್ಜ್ ಮಾಡುವುದು ನ್ಯಾಯ ಅಲ್ಲ.

ಹಾಗಾಗಿ ಸೇರುವ ಮುಂಚೆಯೇ ಮ್ಯಾನೇಜರ್‌ಗೆ ಮೇಲ್ ಹಾಕಿ. ಪ್ರಾಜೆಕ್ಟ್ ಏನು, ಯಾವ ನಂಬರ್ ಬದಲಾಗಬೇಕು, ಯಾವ ಟೇಬಲ್‌ಗಳಿಗೆ ಆ್ಯಕ್ಸೆಸ್ ಬೇಕು, ಹಳೆಯ ಡಿಸೈನ್ ಡಾಕ್ಯುಮೆಂಟ್ ಇದ್ದರೆ ಸಿಗುತ್ತದಾ ಅಂತ ಕೇಳಿ. ಜಾಸ್ತಿ ಕೇಳಿದರೆ ಏನಂದುಕೊಳ್ಳುತ್ತಾರೋ ಅನ್ನುವ ಸಂಕೋಚ ಬೇಡ. ಆ ಮೇಲ್ ಬಂದ ದಿನವೇ ನಾವು ಟಿಕೆಟ್ ಹಾಕಬಹುದು.