ಬಚ್ಚಲ ಚಿಲಕದ ಸದ್ದು

ಹೋದ ಜನವರಿಯ ಒಂದು ರಾತ್ರಿ, 2 ಗಂಟೆ ಇರಬೇಕು. ಅಪ್ಪಾಜಿ ನನ್ನ ಕೋಣೆಯ ಬಾಗಿಲು ತಟ್ಟಿದರು. 71 ವರ್ಷದ ಮನುಷ್ಯ, ಗೋಡೆ ಹಿಡಿದು ನಿಂತಿದ್ದರು. ಇನ್ನೊಂದು ಕೈ ಕಿಬ್ಬೊಟ್ಟೆ ಮೇಲೆ. ಅಷ್ಟು ಚಳಿಯಲ್ಲೂ ಹಣೆ ಬೆವರಿತ್ತು.

"ಒಂದಕ್ಕೆ ಬರವಲ್ದೋ. ಸಂಜೆಯಿಂದ ಒಂದ್ ಹನಿನೂ ಇಲ್ಲ."

ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯಿಂದ ಆಸ್ಪತ್ರೆಗೆ ಆಟೋದಲ್ಲಿ ಹತ್ತೇ ನಿಮಿಷ. ಒಂದೊಂದು ಹಂಪ್ ಬಂದಾಗಲೂ ಅಪ್ಪಾಜಿ ನನ್ನ ತೊಡೆಯನ್ನು ಹಿಸುಕಿ ಹಿಡಿಯುತ್ತಿದ್ದರು. ಬಾಯಿಂದ ಒಂದು ಮಾತಿಲ್ಲ. ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡಿ ನಮ್ಮನ್ನೆಲ್ಲ ಓದಿಸಿದವರು. ನೋವು ಹೇಳಿಕೊಳ್ಳುವ ಅಭ್ಯಾಸವೇ ಅವರಿಗಿಲ್ಲ.

ತುರ್ತು ವಾರ್ಡಿನಲ್ಲಿ ಪೈಪ್ ಹಾಕಿದರು. ಮಂಚದ ಪಕ್ಕ ತೂಗುಹಾಕಿದ ಚೀಲವನ್ನೇ ನೋಡುತ್ತಾ ನಿಂತೆ. ಅದರ ಮೇಲೆ ಗೆರೆಗಳಿದ್ದವು. 300, 500, 700. ಸಾಮಾನ್ಯವಾಗಿ 400-500 ಎಂಎಲ್ ತುಂಬುವಷ್ಟರಲ್ಲಿ ನಮಗೆ ತಡೆಯೋಕೆ ಆಗಲ್ಲ. ಅಪ್ಪಾಜಿಯ ಚೀಲ 900ರ ಗೆರೆ ದಾಟಿತು. ಅಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ನಮ್ಮ ಜೊತೆ ರಾತ್ರಿ ಊಟಕ್ಕೆ ಕೂತಿದ್ದರು! ಚೀಲ ತುಂಬುತ್ತಾ ಬಂದ ಹಾಗೆ ಅವರ ಮುಖ ಸಡಿಲವಾಯಿತು. ಕಣ್ಣಲ್ಲಿ ನೀರಿತ್ತು.

ಬೆಳಗ್ಗೆ ಬಂದ ಮೂತ್ರರೋಗದ ಡಾಕ್ಟರ್ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಮೇಲೆ ಮೂತ್ರಕೋಶ, ಅದರ ಬಾಯಿಯ ಕೆಳಗೆ ಪ್ರಾಸ್ಟೇಟ್ ಗ್ರಂಥಿ, ಅದರ ನಡುವೆಯೇ ಹಾದುಹೋಗುವ ಮೂತ್ರನಾಳ. ಹರೆಯದಲ್ಲಿ ಈ ಗ್ರಂಥಿ ಸುಮಾರು 20 ಗ್ರಾಂ ಇರುತ್ತದಂತೆ. ಅಪ್ಪಾಜಿಯದು ಸ್ಕ್ಯಾನಿಂಗ್‌ನಲ್ಲಿ 60 ದಾಟಿತ್ತು. ಬೆಳೆದ ಗ್ರಂಥಿ ನಾಳವನ್ನು ಸುತ್ತಲಿಂದ ಅಮುಕುತ್ತಿತ್ತು. 60 ವರ್ಷ ದಾಟಿದ ಗಂಡಸರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಇದು ದಪ್ಪ ಆಗಿರುತ್ತದೆ, ಆದರೆ ಎಲ್ಲರಿಗೂ ತೊಂದರೆ ಕೊಡುವುದಿಲ್ಲ ಅಂದರು.

"ನೆಗಡಿಗೆ ಏನಾದ್ರೂ ಮಾತ್ರೆ ತಗೊಂಡ್ರಾ ಯಜಮಾನ್ರೇ?" ಅಂತ ಅವರೇ ಕೇಳಿದರು.

ತಗೊಂಡಿದ್ದರು. ಎರಡು ದಿನ, ಮೆಡಿಕಲ್ ಶಾಪಿಂದ ತಂದದ್ದು. ಕಟ್ಟಿದ ಮೂಗು ಬಿಡಿಸುವ ಕೆಲವು ಔಷಧಿಗಳು ಮೂತ್ರಕೋಶದ ಬಾಯಿಯ ಸ್ನಾಯುವನ್ನೂ ಬಿಗಿ ಮಾಡುತ್ತವೆ. ಮೊದಲೇ ಕಿರಿದಾದ ದಾರಿ ಪೂರ್ತಿ ಮುಚ್ಚಿಬಿಡಬಹುದು. ಆ ಮಾತ್ರೆ ತಂದುಕೊಟ್ಟವನು ನಾನೇ.

ಅದಕ್ಕಿಂತ ಜಾಸ್ತಿ ಕಾಡಿದ್ದು ಮುಂದಿನ ಪ್ರಶ್ನೆ. "ರಾತ್ರಿ ಎಷ್ಟು ಸಲ ಏಳ್ತೀರಿ?"

"ನಾಕು, ಐದು. ಎರಡು ವರ್ಷ ಆತು. ವಯಸ್ಸಾತಲ್ಲ ಸಾರ್."

ಎರಡು ವರ್ಷದಿಂದ ಆ ಬಚ್ಚಲ ಚಿಲಕದ ಸದ್ದು ನನಗೂ ಕೇಳಿಸುತ್ತಿತ್ತು. ಮಗ್ಗಲು ಬದಲಿಸಿ ಮಲಗುತ್ತಿದ್ದೆ. ಚಿತ್ರದುರ್ಗದ ಅತ್ತೆಯ ಮನೆಗೆ ಹೊರಟ ದಿನ ಬೆಳಗ್ಗೆಯಿಂದ ಅವರು ಕಾಫಿ, ನೀರು ಯಾವುದನ್ನೂ ಮುಟ್ಟುತ್ತಿರಲಿಲ್ಲ. ಗಂಟೆ, ಒಂದೂವರೆ ಗಂಟೆಯ ಬಸ್ಸಿನ ದಾರಿ ಅಷ್ಟೇ. ಕೇಳಬೇಕಿತ್ತು ಅಲ್ವಾ? ಅಪ್ಪನ ಹತ್ತಿರ ಇಂಥದ್ದೆಲ್ಲ ಹೇಗೆ ಕೇಳೋದು ಅಂತ ಸುಮ್ನಿದ್ದೆ.

"ಕ್ಯಾನ್ಸರಾ ಸಾರ್?" ಅಂತ ಅಪ್ಪಾಜಿ ಮೆಲ್ಲಗೆ ಕೇಳಿದರು. ಈ ಊತವೇ ಬೇರೆ, ಕ್ಯಾನ್ಸರೇ ಬೇರೆ, ಇದು ಅದಾಗಿ ತಿರುಗುವುದಿಲ್ಲ ಅಂದರು ಡಾಕ್ಟರ್. ಆದರೂ ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಇದೆಯಾ ಅಂತ ನೋಡೋ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸೋಣ, ಈಗ ಬೇಡ, ಪೈಪ್ ಹಾಕಿದ ಹೊಸದರಲ್ಲಿ ಅದು ಸುಮ್ಸುಮ್ನೆ ಜಾಸ್ತಿ ತೋರಿಸುತ್ತದೆ ಅಂತಲೂ ಹೇಳಿದರು. ಕೆಲವು ವಾರ ಬಿಟ್ಟು ಮಾಡಿಸಿದೆವು. ಗಾಬರಿ ಪಡುವಂಥದ್ದು ಏನೂ ಬರಲಿಲ್ಲ.

ರಾತ್ರಿ ಊಟದ ನಂತರ ಟ್ಯಾಮ್ಸುಲೋಸಿನ್ ಮಾತ್ರೆ ಶುರುವಾಯಿತು. ನಾಳದ ಬಿಗಿ ಸಡಿಲಿಸುವ ಮಾತ್ರೆ. ಮೊದಲ ದಿನಗಳಲ್ಲಿ ತಟ್ಟನೆ ಎದ್ದರೆ ತಲೆ ಸುತ್ತುತ್ತಿತ್ತು. ಅದಕ್ಕೆ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಏಳುವುದನ್ನು ರೂಢಿ ಮಾಡಿಸಿದೆ. ಐದನೇ ದಿನ ಪೈಪ್ ತೆಗೆದರು. ಆಸ್ಪತ್ರೆಯ ಬಚ್ಚಲ ಹೊರಗೆ ನಿಂತಿದ್ದೆ. ಒಳಗಿಂದ ನೀರಿನ ಸದ್ದು ಕೇಳಿಸಿದಾಗ ನನಗೆ ಬಂದ ನಿಟ್ಟುಸಿರು ಹೇಳಲಾರೆ.

ಮೊನ್ನೆ ಸಂಜೆ ಮೆಡಿಕಲ್ ಶಾಪಿಗೆ ಇಬ್ಬರೂ ಹೋಗಿದ್ದೆವು. ಪಕ್ಕದ ಬೀದಿಯ ಹಿರಿಯರೊಬ್ಬರು ನೆಗಡಿಗೆ ಮಾತ್ರೆ ಕೇಳುತ್ತಿದ್ದರು. ಅಪ್ಪಾಜಿ ಅವರ ತೋಳು ಹಿಡಿದು ಪಕ್ಕಕ್ಕೆ ಕರೆದರು.

"ಅಣ್ಣಾರೇ, ರಾತ್ರಿ ಎಷ್ಟು ಸಲ ಏಳ್ತೀರಿ?"