ಕತ್ತು ಉದ್ದ ಅಂತ ಚಿತ್ರ ಅಗಲ ಮಾಡಿದ್ದೆ

ಪ್ರೆಸ್‌ನಲ್ಲಿ ಪುಟ ಕಟ್ಟುವುದು ನನ್ನ ಕೆಲಸ. ಒಮ್ಮೆ ಚಿತ್ರಕಲೆಯ ಪುಸ್ತಕವೊಂದು ಬಂತು. ಅದರಲ್ಲಿ ಕೆಂಪು ಸ್ಯಾಟಿನ್ ಉಡುಪಿನ ಹೆಂಗಸಿನ ಚಿತ್ರವಿತ್ತು. ನೆಟ್ಟಗೆ ಕೂತಿದ್ದಾಳೆ. ಒಂದು ಕೈ ತೆರೆದ ಪ್ರಾರ್ಥನೆ ಪುಸ್ತಕದ ಮೇಲೆ, ಇನ್ನೊಂದು ಕುರ್ಚಿಯ ಕೈ ಮೇಲೆ. ಕತ್ತು ಮಾತ್ರ ಉದ್ದವೋ ಉದ್ದ. ಬೆರಳೂ ಅಷ್ಟೇ.

ಯಾರೋ ಚಿತ್ರವನ್ನ ಎಳೆದು ಕೆಡಿಸಿದ್ದಾರೆ ಅಂದುಕೊಂಡೆ. ನಮ್ಮಲ್ಲಿ ಇದು ದಿನಾ ಇದ್ದದ್ದೇ. ವರ್ಡ್ ಫೈಲಿಗೆ ಅಂಟಿಸಿ, ಬದಿ ಹಿಡಿದು ಎಳೆದು ಕಳಿಸಿಬಿಡ್ತಾರೆ. ಯಾರನ್ನೂ ಕೇಳದೆ ಅಗಲ ಶೇ 12ರಷ್ಟು ಹೆಚ್ಚಿಸಿದೆ. ಮುಖ ತುಂಬಿಕೊಂಡಿತು, ಕತ್ತು ಹದಕ್ಕೆ ಬಂತು. ನಾಲ್ಕು ಬಣ್ಣದ ನಾಲ್ಕೂ ಪ್ಲೇಟ್ ಆಗಿಹೋದವು.

ಮೆಷಿನ್ ಹತ್ತಿರ ನಮ್ಮ ಹಿರಿಯರೊಬ್ಬರಿದ್ದಾರೆ, ಎಲ್ಲರಿಗೂ ಅಣ್ಣ. ಮೊದಲ ಹಾಳೆಯ ಮೇಲೆ ಲೆನ್ಸ್ ಇಟ್ಟು, 'ಮುತ್ತು ನೋಡಪ್ಪಾ' ಅಂದರು. ನೋಡಿದೆ. ಅವಳ ಕೊರಳಿನ ಮುತ್ತೆಲ್ಲ ಅಲಸಂದೆ ಕಾಳಿನ ಹಾಗೆ ಅಡ್ಡಕ್ಕೆ ಉಬ್ಬಿದ್ದವು.

ಆಮೇಲೆ ಓದಿದೆ. ಮೊದಲೇ ಓದಬೇಕಿತ್ತು ಅಲ್ವಾ? ಇವಳು ಲುಕ್ರೇಜಿಯಾ ಪಂಚಾತಿಕಿ, ಇಟಲಿಯ ಫ್ಲಾರೆನ್ಸಿನ ದೊಡ್ಡ ಮನೆತನದವಳು. 1540ರ ದಶಕದಲ್ಲಿ ಬ್ರೊಂಝಿನೊ ಅನ್ನೋ ಚಿತ್ರಕಾರ ಮರದ ಹಲಗೆಯ ಮೇಲೆ ಎಣ್ಣೆ ಬಣ್ಣದಲ್ಲಿ ಬರೆದದ್ದು. ಈಗ ಅಲ್ಲಿನ ಉಫಿಜಿ ಮ್ಯೂಸಿಯಮ್ಮಿನಲ್ಲಿದೆ. ಎತ್ತರ ಸುಮಾರು 1 ಮೀಟರ್, ಅಗಲ 80 ಸೆಂಟಿಮೀಟರಿಗಿಂತ ತುಸು ಜಾಸ್ತಿ. ಈ ಅಳತೆ ಲೇಖಕರು ಕೊಟ್ಟ ಅಡಿಬರಹದಲ್ಲೇ ಇತ್ತು! ಭಾಗಿಸಿ ನೋಡಿದ್ದರೆ ಬಂದಿದ್ದ ಫೈಲು ಸರಿಯಿದೆ ಅಂತ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಆ ಕಾಲದ ಮ್ಯಾನರಿಸ್ಟ್ ಅನ್ನೋ ಶೈಲಿಯ ಚಿತ್ರಕಾರರಿಗೆ ಉದ್ದ ಕತ್ತು, ನೀಳ ಬೆರಳು ಅಂದರೆ ಚೆಲುವು. ಅವರಲ್ಲೇ ಒಬ್ಬ ಪಾರ್ಮಿಜಾನಿನೊ ಅಂತೂ ಯೇಸುವಿನ ತಾಯಿ ಮೇರಿಗೇ ಹಂಸದಂಥ ಕತ್ತು ಕೊಟ್ಟ.

ಚಿನ್ನದ ಸರದ ಮೇಲೆ ಸಣ್ಣ ಫ್ರೆಂಚ್ ಅಕ್ಷರಗಳಿವೆ, ಪ್ರೀತಿಗೆ ಕೊನೆಯಿಲ್ಲ ಅನ್ನೋ ಅರ್ಥದವು. ನಾನು ಎಳೆದಾಗ ಅವೂ ದಪ್ಪಗಾಗಿದ್ದವು. ನೋಡಿರಲೇ ಇಲ್ಲ.

ಪ್ಲೇಟ್ ಮತ್ತೆ ಮಾಡಿಸಿದ್ದಾಯ್ತು, ಮಾಲೀಕರಿಂದ ಬೈಸಿಕೊಂಡದ್ದೂ ಆಯ್ತು. ಈಗ ಯಾವ ಚಿತ್ರ ಬಂದರೂ ಮೊದಲು ಅದರಲ್ಲಿ ದುಂಡಗಿರೋದು ಏನಿದೆ ಅಂತ ಹುಡುಕುತ್ತೇನೆ. ಬಟ್ಟಲು, ಚಕ್ರ, ಬಳೆ, ಏನಾದ್ರೂ.

ಸರಿಪಡಿಸಿದ ಹಾಳೆ ಪ್ರಕಾಶಕರಿಗೆ ಹೋಯ್ತು. ಸಂಜೆ ಫೋನ್ ಬಂತು.

'ಏನ್ರೀ, ಆಯಮ್ಮನ ಕತ್ತು ಎಳೆದುಬಿಟ್ಟಿದ್ದೀರಲ್ಲ?'

'ನಾನಲ್ಲ ಸಾರ್, ಬ್ರೊಂಝಿನೊ' ಅಂದೆ.

'ಯಾರವನು, ಹೊಸ ಹುಡುಗನಾ?'